ಮೂವತ್ತೊಂಬತ್ತು ಕಿಲೋಮೀಟರಿನ ಬೀಗತನ

ನನ್ನ ಮೈದುನ ಮೆದೆರ್‌ನ ಬೈಕು ಸುಳ್ಳು ಹೇಳುತ್ತದೆಂಬುದು ನಮ್ಮ ಊರಿಗೆಲ್ಲ ಗೊತ್ತಿತ್ತು. ಪಕ್ಕದಲ್ಲಿ ಒಬ್ಬರು ಕೂರುವಂಥ ತೊಟ್ಟಿ ಜೋಡಿಸಿದ, ಸೋವಿಯತ್ ಕಾಲದ ಮುದಿ ಬೈಕು ಅದು. ಹಿಂಚಕ್ರದ ಹಲ್ಲುಗಾಲಿ ಸವೆದುಹೋದಾಗ ಮೆದೆರ್ ನಾರಿನ್ ಪೇಟೆಯ ಗುಜರಿಯಿಂದ ಬೇರಾವುದೋ ಬೈಕಿನದನ್ನು ತಂದು ಕೂರಿಸಿದ. ಸೋವಿಯತ್ ದೇಶ ಒಡೆದು ಆರೇಳು ವರ್ಷವಾಗಿತ್ತು, ಸರಿಯಾದ ಬಿಡಿಭಾಗ ಎಲ್ಲಿ ಸಿಗಬೇಕು? ಏರಿನಲ್ಲಿ ಏದುಸಿರು ಬಿಡುತ್ತಾ ಬೈಕು ಓಡಿತು. ಆದರೆ ಅಂದಿನಿಂದ ಅದರ ಮೀಟರು ನಾಲ್ಕು ಕಿಲೋಮೀಟರ್ ಓಡಿದರೆ ಮೂರು ಎಂದು ತೋರಿಸತೊಡಗಿತು. ಒಮ್ಮೆ ಅದನ್ನು ನಂಬಿ ಪೆಟ್ರೋಲ್ ಹಾಕಿಸಿಕೊಂಡು ಹೋದವನು ಕಣಿವೆಯ ನಡುವೆ ನಿಂತುಹೋಗಿ, ಯಾರದೋ ಕತ್ತೆಯ ಕೈಲಿ ಬೈಕು ಎಳೆಸಿಕೊಂಡು ಮನೆ ಸೇರಿದ್ದ. ಆಮೇಲೆ ಮೀಟರು ಹೇಳಿದ್ದಕ್ಕೆ ಮೂರರಲ್ಲೊಂದು ಪಾಲು ಸೇರಿಸಿ ಎಣಿಸುವುದನ್ನು ಕಲಿತ.

ಆ ಬೇಸಿಗೆ ಹುಲ್ಲುಗಾವಲಿನಲ್ಲಿ ನಮ್ಮ ಗುಡಾರದ ಪಕ್ಕದಲ್ಲೇ ಬುರುಲ್ಚಾ ಎಂಬ ವಿಧವೆಯ ಗುಡಾರ ಎದ್ದಿತು. ಅವಳ ಕಿರಿಯ ಮಗಳು ಐಸಾಲ್ಕಿನ್. ಮೆದೆರ್ ದಿನಕ್ಕೆ ನಾಲ್ಕು ಸಲ ಅವರ ಕುದುರೆಗಳಿಗೆ ನೀರು ಕುಡಿಸಲು ಹೊರಟಾಗಲೇ ನನಗೆ ವಿಷಯ ತಿಳಿಯಿತು. ನಮ್ಮ ಕುದುರೆಗಳು ಬಾಯಾರಿ ಕೆನೆಯುತ್ತಿದ್ದವು.

ಹೆಣ್ಣು ಕೇಳಲು ಅತ್ತಿಗೆಯಾದ ನಾನೇ ಹೋಗಬೇಕಾಯಿತು. ಬುರುಲ್ಚಾ ಚಹಾ ಕೊಟ್ಟಳು, ಬೆಣ್ಣೆ ಕೊಟ್ಟಳು, ಮಗಳನ್ನು ಮಾತ್ರ ಕೊಡಲಿಲ್ಲ.

"ಹುಡುಗ ಚಿನ್ನ, ಗುಲ್ಬುರಾ. ನಂದೇನೂ ತಕರಾರಿಲ್ಲ. ಆದ್ರೆ ದೊಡ್ಡವಳನ್ನ ಓಶ್‌ಗೆ ಕೊಟ್ಟು ಕೂತಿದೀನಿ. ಎರಡು ದಿನದ ದಾರಿ. ಮೊಮ್ಮಗ ನನ್ನ ನೋಡಿ ಯಾರೋ ಭಿಕ್ಷೆಯೋಳು ಬಂದಳು ಅಂತ ಅತ್ತ. ಅವತ್ತೇ ಊರ ಮುಂದೆ ಹೇಳಿದೀನಿ, ಕಿರಿಯವಳನ್ನ ನಲವತ್ತು ಕಿಲೋಮೀಟರಿಗಿಂತ ಒಂದು ಹೆಜ್ಜೆ ಆಚೆಗೂ ಕೊಡಲ್ಲ ಅಂತ. ನಮ್ಮೂರಿಂದ ನಿಮ್ಮೂರು ಎಷ್ಟು ದೂರ?"

ಐವತ್ತೆರಡು. ನಾನು ಬಾಯಿ ತುಂಬ ರೊಟ್ಟಿ ತುರುಕಿಕೊಂಡೆ.

"ಅಳೆದು ನೋಡಿದ್ರಾಯ್ತಲ್ಲ ಅಮ್ಮ," ಎಂದಳು ಒಲೆಯ ಹತ್ತಿರ ಬಗ್ಗಿದ್ದ ಐಸಾಲ್ಕಿನ್, ತಲೆ ಎತ್ತದೆ. "ಅವರ ಬೈಕಿನಲ್ಲಿ ಮೀಟರ್ ಇದೆಯಂತೆ."

ಆ ಹುಡುಗಿಯ ಮುಖ ನೋಡಿದೆ. ಹಾಲಿನಷ್ಟು ಮುಗ್ಧ. ಇವಳು ನಮ್ಮ ಮನೆಗೇ ಸೇರಬೇಕಾದವಳು ಎಂದು ಆಗಲೇ ನಿರ್ಧರಿಸಿದೆ.

ಬೇಸಿಗೆ ಮುಗಿದು ಎಲ್ಲರೂ ಬೆಟ್ಟ ಇಳಿದ ಮೇಲೆ, ಒಂದು ಬೆಳಿಗ್ಗೆ ಮೆದೆರ್ ಮತ್ತು ನಾನು ಬುರುಲ್ಚಾಳ ಬಾಗಿಲಿಗೆ ಹೋದೆವು. ಅವಳು ಕಂಬಳಿ ಹೊದ್ದು ತೊಟ್ಟಿಯಲ್ಲಿ ಕೂತಳು. ಹೊರಡುವ ಮೊದಲು ಮೀಟರಿನ ಅಂಕಿಗಳನ್ನು ಒಂದೊಂದಾಗಿ ಓದಿಸಿ, ಪೆನ್ನಿನಿಂದ ಅಂಗೈಮೇಲೆ ಬರೆದುಕೊಂಡಳು: 61208. ಆ ದಾರಿಯಲ್ಲಿ ಹಿಂದೆ ಕಿಲೋಮೀಟರ್ ಗೂಟಗಳಿದ್ದವು. ಈಗ ಒಂದೂ ಉಳಿದಿರಲಿಲ್ಲ, ಅದು ನಮ್ಮ ಪುಣ್ಯ.

ಮೆದೆರ್‌ನ ಬೆನ್ನ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ನಮ್ಮ ಹಸುವಿನ ಬಗ್ಗೆ, ಅತ್ತೆಯ ಮಂಡಿನೋವಿನ ಬಗ್ಗೆ, ಯಾರದೋ ಮದುವೆಯಲ್ಲಿ ಹಿರಿಯ ಅತಿಥಿಗೆ ಬಡಿಸಬೇಕಾದ ಕುರಿಯ ತಲೆ ಇನ್ನಾರಿಗೋ ಹೋಗಿ ಆದ ಜಗಳದ ಬಗ್ಗೆ ಕಿರುಚಿ ಕಿರುಚಿ ಹೇಳಿದೆ. ಗಾಳಿಯಲ್ಲಿ ಅವಳಿಗೆ ಅರ್ಧ ಕೇಳಿಸಿತೋ ಇಲ್ಲವೋ. ಅವಳ ಕಣ್ಣು ಮಾತ್ರ ಮೀಟರು ಬಿಟ್ಟು ಕದಲಲಿಲ್ಲ.

ಸೇತುವೆ ದಾಟಿದ ಮೇಲೆ ಮೆದೆರ್‌ನ ಬೆನ್ನು ತಟ್ಟಿದಳು. "ಏನಪ್ಪಾ, ಇದು ಬಲು ನಿಧಾನ ತಿರುಗುತ್ತೆ."

"ಚಳಿ ಅಮ್ಮಾ," ಎಂದ ಮೆದೆರ್. "ಎಣ್ಣೆ ಗಟ್ಟಿಯಾಗಿರತ್ತೆ."

"ಚಳಿಗೆ ಕಿಲೋಮೀಟರೂ ಕುಗ್ಗುತ್ತಾ?"

ಅವನ ಕಿವಿ ಕೆಂಪಾಯಿತು. "ದಾರಿ ಇಳಿಜಾರಲ್ವಾ, ಬೇಗ ಬಂದ ಹಾಗೆ ಅನ್ಸುತ್ತೆ," ಎಂದು ನಾನು ಕೂಗಿದೆ. ಆಗ ನಾವು ಏರು ಹತ್ತುತ್ತಿದ್ದೆವು.

ನಮ್ಮ ಮನೆಯ ಗೇಟಿನ ಮುಂದೆ ಬೈಕು ನಿಂತಾಗ ಮೀಟರು 61247 ತೋರಿಸಿತು. ಬುರುಲ್ಚಾ ಅಂಗೈ ನೋಡಿದಳು, ಮೀಟರು ನೋಡಿದಳು, ಬೆರಳು ಮಡಚಿ ಎಣಿಸಿದಳು.

"ಮೂವತ್ತೊಂಬತ್ತು," ಎಂದಳು. "ಒಂದು ಕಿಲೋಮೀಟರ್ ಮಿಕ್ಕಿತು ನೋಡು."

ಒಳಗೆ ಬಂದು ಚಹಾ ಕುಡಿದಳು, ಕೊಟ್ಟಿಗೆ ನೋಡಿದಳು, ನನ್ನ ಅತ್ತೆಯನ್ನು ಬೀಗಿತ್ತಿ ಎಂದು ಕರೆದಳು. ಹತ್ತು ದಿನದಲ್ಲಿ ನಾನು ಹೋಗಿ ಐಸಾಲ್ಕಿನ್‌ಗೆ ನಿಶ್ಚಯದ ಓಲೆ ತೊಡಿಸಿ ಬಂದೆ. ಮದುವೆ ಹಿಮ ಬೀಳುವ ಮೊದಲೇ ಎಂದಾಯಿತು.

ಎಲ್ಲ ಸರಿಹೋಯಿತು, ನನ್ನ ನಿದ್ದೆಯೊಂದು ಬಿಟ್ಟು. ಕಣ್ಣು ಮುಚ್ಚಿದರೆ ಆ ಮುದುಕಿ ಬೆರಳು ಮಡಚಿ ಎಣಿಸುತ್ತಿದ್ದುದೇ ಕಾಣುತ್ತಿತ್ತು. ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ, ಮದುವೆ ನಿಂತರೂ ನಿಲ್ಲಲಿ ಎಂದು ಗಟ್ಟಿಮನಸ್ಸು ಮಾಡಿ ಹಾಲಿನ ಲಾರಿ ಹತ್ತಿ ಅವಳ ಮನೆಗೆ ಹೋದೆ. ಅವಳು ಹಿತ್ತಲಿನಲ್ಲಿ ಕರು ಕಟ್ಟುತ್ತಿದ್ದಳು. ನಾನು ಉಸಿರು ಬಿಡದೆ ಎಲ್ಲ ಒಪ್ಪಿಸಿದೆ: ಹಲ್ಲುಗಾಲಿ, ನಾಲ್ಕಕ್ಕೆ ಮೂರು, ಐವತ್ತೆರಡು.

ಅವಳು ಹಗ್ಗದ ಗಂಟು ಬಿಗಿದು ಮುಗಿಸಿ, ಕರುವಿನ ಬೆನ್ನು ಸವರಿ, ಆಮೇಲೆ ನನ್ನತ್ತ ತಿರುಗಿದಳು.

"ನನ್ನ ಗಂಡ ಆ ದಾರೀಲಿ ಹನ್ನೆರಡು ವರ್ಷ ರೋಲರ್ ಓಡಿಸಿದ ಕಣೇ. ಐವತ್ತೆರಡು ಅಂತ ನಿನಗಿಂತ ಮೊದಲು ನನಗೆ ಗೊತ್ತು." ಕೊಟ್ಟಿಗೆಯ ಬೇಲಿಯತ್ತ ಗಲ್ಲ ಆಡಿಸಿದಳು. ಬೇಲಿಯ ಎರಡು ಗೂಟಗಳಲ್ಲಿ ಬಣ್ಣ ಮಾಸಿದ ಕಿಲೋಮೀಟರ್ ಅಂಕಿಗಳಿದ್ದವು.

"ಮತ್ತೆ ಯಾಕೆ…"

"ಸಿಟ್ಟಲ್ಲಿ ಊರ ಮುಂದೆ ಆಡಿಬಿಟ್ಟೆ. ಆಡಿದ್ದನ್ನ ನುಂಗೋಕಾಗುತ್ತಾ? ಹುಡುಗಿ ಬೇರೆ ಆ ಕುದುರೆಗೆ ನೀರು ಕುಡಿಸೋನ ಹೊರತು ಇನ್ಯಾರನ್ನೂ ಒಲ್ಲೆ ಅಂತಾಳೆ. ನಾನು ಸುಳ್ಳು ಹೇಳೋ ಹಾಗಿಲ್ಲ. ಬೇರೆ ಯಾರಾದ್ರೂ ಹೇಳ್ಬೇಕಿತ್ತು, ಯಂತ್ರ ಹೇಳಿದ್ರೆ ಇನ್ನೂ ಒಳ್ಳೇದು. ಆದ್ರೂ ನೀನು, ಏರಿನಲ್ಲಿ ಇಳಿಜಾರು ಅಂದ್ಯಲ್ಲ, ನಗು ತಡೆಯೋಕೆ ಕಂಬಳಿ ಕಚ್ಚಿಕೊಂಡು ಕೂತಿದ್ದೆ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ. ಅವಳು ಪಕ್ಕದಲ್ಲಿ ಕೂತು ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಮೆದೆರ್‌ಗೆ ಮಾತ್ರ ಹೇಳ್ಬೇಡ. ಅಳಿಯ ಸ್ವಲ್ಪ ಹೆದರಿಕೊಂಡೇ ಇರಲಿ."

ಮದುವೆಯಾಯಿತು. ಮರುವಾರವೇ ಬುರುಲ್ಚಾ ಅಳಿಯನಿಗೆ ಹೇಳಿ ಕಳಿಸಿದಳು: ಹೇಗೂ ಮೂವತ್ತೊಂಬತ್ತೇ ತಾನೇ, ಪ್ರತಿ ಶುಕ್ರವಾರ ಬಂದು ನನ್ನನ್ನ ಮಗಳ ಹತ್ತಿರ ಕರೆದುಕೊಂಡು ಹೋಗು. ಸಂಜೆ ಹಸು ಕರೆಯುವ ಹೊತ್ತಿಗೆ ವಾಪಸ್ ಬಿಡು. ಮೆದೆರ್ ಇಲ್ಲವೆನ್ನುವ ಹಾಗಿರಲಿಲ್ಲ. ತಡವಾಗಿ ಹೋದರೆ ಅವಳು ಬಾಗಿಲಲ್ಲೇ ನಿಂತು, "ಇಷ್ಟು ಹತ್ತಿರದಿಂದ ಬರೋಕೆ ಇಷ್ಟು ಹೊತ್ತಾ?" ಎನ್ನುವಳು. ಪಾಪ, ಅವನು ಕತ್ತಲಿರುವಾಗಲೇ ಎದ್ದು ಬೈಕು ಒದೆಯುತ್ತಿದ್ದ.

ವಸಂತದಲ್ಲಿ ಅವನಿಗೆ ಸರಿಯಾದ ಹಲ್ಲುಗಾಲಿ ಸಿಕ್ಕಿತು. ಏರಿನಲ್ಲಿ ಬೈಕು ಇನ್ನು ಏದುಸಿರು ಬಿಡುವುದಿಲ್ಲವೆಂದು ಖುಷಿಯಾಗಿ ಅದನ್ನು ಕಿಟಕಿಯ ಮೇಲಿಟ್ಟ. ಮರುದಿನ ಅದು ಅಲ್ಲಿರಲಿಲ್ಲ. ಮನೆಯೆಲ್ಲ ಹುಡುಕಿದ. ಐಸಾಲ್ಕಿನ್ ಕೂಡ ಜೊತೆಗೂಡಿ ಮಂಚದ ಕೆಳಗೆಲ್ಲ ಇಣುಕಿದಳು. ನಾನು ಹಿಟ್ಟಿನ ಡಬ್ಬಿಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗೆ, ಹಲ್ಲುಹಲ್ಲಾಗಿ ಏನೋ ತಾಗಿತು. ಸುಮ್ಮನೆ ಮುಚ್ಚಳ ಹಾಕಿದೆ.

ಮೊನ್ನೆ ಬುರುಲ್ಚಾ ನಮ್ಮಲ್ಲಿ ಮೂರು ದಿನ ಉಳಿದುಕೊಂಡಳು. ಐಸಾಲ್ಕಿನ್‌ಗೆ ಮಗನಾಗಿ ಎಂಟು ತಿಂಗಳು. ಅಜ್ಜಿಯನ್ನು ಕಂಡೊಡನೆ ಅವನು ಎರಡೂ ಕೈ ಚಾಚಿದ.