ಕಂದೀಲಿಗೆ ಬಿದ್ದ ಒಂದು ಓಟು

ಮುಂದಿನ ಸೀಟಿನ ಹೆಣ್ಣುಮಗಳ ಬುಟ್ಟಿಯಿಂದ ಕೋಳಿಯೊಂದು ಕತ್ತು ಹೊರಗೆ ಹಾಕಿ ನನ್ನನ್ನೇ ನೋಡುತ್ತಿದೆ, ಒಂದೇ ಕಣ್ಣಿನಿಂದ, ನೋಡು ನೋಡು, ನಿನಗೇನು ಗೊತ್ತು, ಈ ಅಫಜಲಪುರ ಬಸ್ಸು ಆಳಂದ ಬಿಟ್ಟು ಅರ್ಧ ತಾಸೂ ಆಗಿಲ್ಲ, ಆಗಲೇ ಸೊಂಟ ಹಿಡಿದುಕೊಂಡಿತು, ಹೊರಗೆ ತೊಗರಿ ಕೊಯ್ದು ಸಿವುಡು ಕಟ್ಟಿ ಒಟ್ಟಿದ್ದಾರೆ, ನಾಳೆ ನಾವೂ ಕೊಯ್ಲಿಗೆ ಹೋಗಬೇಕು, ನಾನು ಮತ್ತು ಇವಳು — ಇವಳು ಪಕ್ಕದಲ್ಲೇ ಇದ್ದಾಳೆ, ನನ್ನ ಗೆಳತಿ ಮಲ್ಕಮ್ಮ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಬಸ್ಸು ಹತ್ತಿದಾಗಿನಿಂದ ಒಂದು ಮಾತಿಲ್ಲ, ಅಳುವುದೂ ಇಲ್ಲ ಸುಡುಗಾಡು, ಅತ್ತಿದ್ದರೆ ಸುಮ್ಮನಿರಬೇ ಅಂತ ಬೆನ್ನು ಸವರಿ ಮುಗಿಸಿಬಿಡುತ್ತಿದ್ದೆ, ಸುಮ್ಮನೆ ಕೂತವಳನ್ನು ಏನು ಮಾಡುವುದು, ಸುಮ್ಮನೆ ಕೂತವಳು ಲೆಕ್ಕ ಹಾಕುತ್ತಾಳೆ, ಎರಡರ ಲೆಕ್ಕ, ಎಂಥ ದಡ್ಡಿಗೂ ಬರುವ ಲೆಕ್ಕ. ಇವತ್ತು ಆಳಂದದಲ್ಲಿ ನಮ್ಮೂರ ಪಂಚಾಯತಿ ಓಟಿನ ಎಣಿಕೆ ಕೋಣೆಯಲ್ಲಿ ಆ ಕನ್ನಡಕದವನು ನಮ್ಮ ಓಣಿಯ ಹೆಣ್ಣುಮಕ್ಕಳ ಸೀಟಿನ ಫಲಿತಾಂಶ ಓದಿದ, ಮೂಗಿನಲ್ಲಿ ಓದಿದ, ಸುಂದರಬಾಯಿ ಛತ್ರಿ ಇನ್ನೂರ ಹನ್ನೊಂದು, ಗುರುಬಾಯಿ ತಕ್ಕಡಿ ಎಂಬತ್ತೇಳು, ಮಲ್ಕಮ್ಮ ಕಂದೀಲು — ಇಲ್ಲಿ ನಿಂತ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದ — ಕಂದೀಲು ಒಂದು, ರದ್ದಾದ ಚೀಟಿ ಒಂಬತ್ತು. ಯಾರೋ ಕಿಸಕ್ಕನೆ ನಕ್ಕರು, ಗೌಡರ ವಾಡೆಯ ಕಡೆಯವರೇ ಇರಬೇಕು, ಗೆದ್ದ ಸುಂದರಬಾಯಿ ವಾಡೆಯ ಸೊಸೆಯಲ್ಲವೇ, ಎಣಿಕೆಗೆ ಅವಳು ಬಂದೇ ಇರಲಿಲ್ಲ, ಮನೆಯಲ್ಲಿ ಕೂತೇ ಗೆದ್ದಳು.

ಓಣಿ ಕೈ ಕೊಟ್ಟಿದ್ದಕ್ಕೆ ಇವಳಿಗೆ ಆಶ್ಚರ್ಯವಿಲ್ಲ, ಮನೆ ಮನೆಗೆ ಹೋದಾಗ ಎಲ್ಲರೂ ಹೂಂ ಅಂದಿದ್ದರು, ನಿನಗ ಹಾಕದ ಮತ್ಯಾರಿಗಿ ಹಾಕಾನೇಬೇ ಅಂದಿದ್ದರು, ಆ ಹೂಂ ಎಂಥದ್ದು ಅಂತ ಇವಳಿಗೂ ಗೊತ್ತಿತ್ತು, ಹೋಗಲಿ ಬಿಡಬೇ ಶರಣಿ, ಎರಡಂತೂ ಬೀಳ್ತಾವಲ್ಲ, ನಂದೊಂದು ನಿಂದೊಂದು, ನನಗಷ್ಟ ಸಾಕು ಅಂದಿದ್ದಳು. ನನಗಷ್ಟ ಸಾಕು. ಗಂಡ ಸತ್ತು ಹನ್ನೆರಡು ವರ್ಷ, ಮಕ್ಕಳಿಲ್ಲ ಮರಿಯಿಲ್ಲ, ಮೈದುನನ ಮನೆಯ ಹಿತ್ತಿಲಲ್ಲಿ ಒಂದು ತಗಡಿನ ಕೋಣೆ, ಇಂಥವಳಿಗೆ ಎರಡು ಓಟು ಸಾಕಂತೆ. ನಿಲ್ಲಬೇ ಅಂತ ಹಚ್ಚಿಕೊಟ್ಟವಳು ನಾನೇ. ಊರಿನ ಬೋರಿಂಗು ವಾಡೆಯ ಬಾಗಿಲ ಮುಂದೆ, ಅವರ ದನ ಕುಡಿದ ಮೇಲೆ ನಮ್ಮ ಪಾಳಿ, ಆವತ್ತು ವಾಡೆಯ ಆಳುಮಗ ನನ್ನ ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಿದ, ನೀರು ನನ್ನ ಸೀರೆಯ ಮೇಲೆಯೇ ಬಂತು, ಹೊಟ್ಟೆ ಉರಿಯಿತು, ಮೆಂಬರ್ ಆದವರು ಬೋರಿಂಗು ನಮ್ಮ ಓಣಿಗೆ ಹಾಕಿಸಬಹುದು ಅಂತ ಅಂಗನವಾಡಿಯಲ್ಲಿ ಕೇಳಿದ್ದೆ, ನಾನೇ ನಿಲ್ಲಬಹುದಿತ್ತಲ್ಲ — ನಿಂತರೆ ನನ್ನ ಗಂಡ ಹುಲೆಪ್ಪನನ್ನು ವಾಡೆಯ ಚಾಕರಿಯಿಂದ ಅದೇ ದಿನ ಬಿಡಿಸುತ್ತಿದ್ದರು, ಇನ್ನೊಬ್ಬರ ಬೆನ್ನಿಗೆ ನಿಂತರೆ ಬರೀ ಬೈಯುತ್ತಿದ್ದರು, ನನಗೆ ಕಳೆದುಕೊಳ್ಳುವುದಿತ್ತು, ಇವಳಿಗೆ ಏನಿತ್ತು, ಮಲ್ಲಿ ನೀ ನಿಂದ್ರಬೇ, ನಿನ್ನ ಬೆನ್ನಿಗಿ ನಾ ಅದೀನಿ ಅಂದೆ, ಅಂಜಿದಳು, ಯವ್ವಾ ನಾ ಓಟನ ಹಾಕಿಲ್ಲಬೇ ಒಮ್ಮೀನೂ, ನಿಂದ್ರೂದ್ಹ್ಯಾಂಗ ಅಂದಳು. ಖರೇ ಅಂದರೆ ಹಾಕಿರಲಿಲ್ಲ, ಗಂಡ ಇದ್ದಾಗ ಅವನು ಕಳಿಸಲಿಲ್ಲ, ಸತ್ತ ಮೇಲೆ ಎರಡು ಸಲ ಓಟು ಹಾಕುವ ಸಾಲಿಯ ಗೇಟಿನ ತನಕ ಹೋದಳಂತೆ, ಎರಡು ಸಲವೂ ವಾಡೆಯ ಮಂದಿ ನಿಂದು ಆಗ್ಯಾದ ಹೋಗು ಅಂದರಂತೆ, ಹೌದ್ರೀ ಅಂತ ತಿರುಗಿ ಬಂದಳಂತೆ, ಹೌದ್ರೀ!

ಕಲಿಸಿದೆ, ನನ್ನ ಕೈಯಾರೆ ಕಲಿಸಿದೆ, ಹಳೆಯ ಪೇಪರಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಮೂರು ಮನೆ ಮಾಡಿ ಕಂದೀಲು, ಛತ್ರಿ, ತಕ್ಕಡಿ ಬರೆದೆ, ಠಸ್ಸೆ ಎಲ್ಲಿಂದ ತರುವುದು, ಬೆಂಡೆಕಾಯಿಯ ತುದಿ ಕೊಯ್ದು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಕೊಟ್ಟೆ, ಒತ್ತು ಅಂದೆ, ಇವಳ ಕೈ ಗಡಗಡ, ಒತ್ತಿದ್ದು ಹೋಗಿ ಗೆರೆಯ ಮೇಲೆ ಕೂತಿತು, ಹಂಗಾದ್ರ ರದ್ದಬೇ, ನಡುವ ಒತ್ತು, ಕಂದೀಲಿನ ಹೊಟ್ಟಿ ಮ್ಯಾಲ ಒತ್ತು, ಮಸಿ ಆರೂತನ ಮಡಚಬ್ಯಾಡ, ಹಸಿ ಇದ್ದಾಗ ಮಡಚಿದ್ರ ಆ ಕಡಿನೂ ಮೂಡತದ. ಎಂಟು ದಿನ ಬೆಂಡೆಕಾಯಿ ತಿಂದದ್ದಕ್ಕಿಂತ ಒತ್ತಿದ್ದೇ ಹೆಚ್ಚು, ಎಂಟನೇ ದಿನ ಹತ್ತಕ್ಕೆ ಹತ್ತೂ ನಡುವೆಯೇ ಬಿದ್ದವು, ನಕ್ಕಳು, ನನ್ನ ಕೊರಳಿಗೆ ಬಿದ್ದಳು, ಆವತ್ತಿನ ತನಕ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಆಣೆ ಮಾಡಿ ಹೇಳಬಲ್ಲೆ. ಅದಾದ ಮೇಲೆ ಆ ಕುರ್ಚಿ. ನಿಂತವರೆಲ್ಲ ಬರಬೇಕು ಅಂತ ಪಂಚಾಯತಿ ಆಫೀಸಿಗೆ ಕರೆಸಿದ್ದರು, ನಾನೇ ಕೈ ಹಿಡಿದು ಕರೆದುಕೊಂಡು ಹೋದೆ, ಜಹೀರುದ್ದೀನ ಅಂತ ಒಬ್ಬ ಗುಮಾಸ್ತ, ಹೆಸರು ಕೇಳಿದ, ಮಲ್ಕಮ್ಮ ಅಂದಳು, ಅವನು ಎದ್ದು ಕುರ್ಚಿ ಸರಿಸಿ ಕುಂದರ್ರಿ ಬಾಯಾರ ಅಂದ, ಬಾಯಾರ! ನಿನ್ನೆ ತನಕ ಏ ಮಲ್ಲೀ ಅನ್ನಿಸಿಕೊಂಡವಳಿಗೆ, ನನಗೆ ನೀ ಹೊರಗ ನಿಂದ್ರವ್ವ ಅಂದ. ಇವಳು ನನ್ನ ಕಡೆ ನೋಡಬೇಕಿತ್ತು, ಆಕೀನೂ ನನ್ನ ಕೂಡ ಬಂದಾಳ್ರಿ ಅನ್ನಬೇಕಿತ್ತು, ಅನ್ನಲಿಲ್ಲ, ಕೂತಳು, ಕೂತು ಸೆರಗನ್ನು ತೊಡೆಯ ಮೇಲೆ ಹೀಗೆ ಸವರಿ ಸರಿಮಾಡಿಕೊಂಡಳು, ಸುಂದರಬಾಯಿ ಮಾಡುವ ಹಾಗೆಯೇ, ಅದನ್ನು ಯಾವಾಗ ನೋಡಿ ಕಲಿತಿದ್ದಳೋ, ನಾನು ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತು ನೋಡಿದೆ, ಇನ್ನು ಐದು ವರ್ಷ ನಾನು ಹೀಗೇ ನಿಲ್ಲಬೇಕು ಅಂದುಕೊಂಡೆ, ಗೌಡರ ಸೊಸೆ ಕೂತರೆ ಹೊಟ್ಟೆ ಉರಿಯುವುದಿಲ್ಲ, ಅವಳು ಹುಟ್ಟಿದಾಗಿನಿಂದ ಕೂತೇ ಇದ್ದಾಳೆ, ಇವಳು ಕೂತದ್ದು ಮಾತ್ರ ನನ್ನಿಂದ ನೋಡಲಾಗಲಿಲ್ಲ.

ಆದರೂ ಓಟಿನ ದಿನ ಬಿಟ್ಟುಕೊಟ್ಟೆನೇ, ಇಲ್ಲ, ತಲೆ ಬಾಚಿ ಕರೆದುಕೊಂಡು ಹೋದೆ, ಸಾಲಿಯ ಗೇಟಿನಲ್ಲಿ ವಾಡೆಯವನು ಬಾಯಿ ತೆರೆಯುವ ಮೊದಲೇ ಏ ಸರಿಯಲೇ, ಈಕಿದು ಆಗಿಲ್ಲ, ಈಕಿ ಓಟಿಗಿ ನಿಂತಾಕಿ ಅದಾಳ ಅಂತ ಬಾಯಿ ಮಾಡಿದೆ, ಸರಿದ, ಪಾಳಿಯಲ್ಲಿ ಇವಳ ಹಿಂದೆಯೇ ನಿಂತೆ, ಇವಳ ಬೆನ್ನು ಬೆವರಿತ್ತು, ಚಳಿಗಾಲದಲ್ಲಿ, ಶರಣೀ ಉಚ್ಚಿ ಬಂದಾಂಗ ಆಗ್ಲಾಕತ್ತದಬೇ, ಬರಲಿ ತಡಕೋ, ಶರಣೀ ಮರತರ ಹ್ಯಾಂಗ, ಕಂದೀಲಿನ ಹೊಟ್ಟಿ, ಮರೀಬ್ಯಾಡ. ಎಡಗೈಯ ತೋರುಬೆರಳಿಗೆ ಮಸಿ ಹಚ್ಚಿಸಿಕೊಂಡಳು, ಅರಿಶಿಣ ಹಚ್ಚಿಸಿಕೊಳ್ಳುವ ಮದುಮಗಳ ಹಾಗೆ ಕೈ ಚಾಚಿದಳು ನೋಡು, ಗೋಣಿತಟ್ಟಿನ ಮರೆಗೆ ಹೋದಳು, ಕೆಳಗೆ ಬರಿಗಾಲು ಮಾತ್ರ ಕಾಣುತ್ತಿತ್ತು, ಸದ್ದಿಲ್ಲ, ಆಮೇಲೆ ಉಫ್ ಉಫ್ ಅಂತ ಊದುವ ಸದ್ದು, ಮಸಿ ಆರಿಸುತ್ತಿದ್ದಾಳೆ, ಊದಿದಳು, ಊದಿದಳು, ಓಟು ಮಾಡಿಸುವ ಸಾಹೇಬ ಏನವ್ವಾ ಚಹಾ ಆರಿಸ್ಲಾಕತ್ತೀರೇನು ಅಂದ, ಎಲ್ಲರೂ ನಕ್ಕರು, ಅವಳು ಹೊರಬಂದು ಚೀಟಿಯನ್ನು ಡಬ್ಬಿಗೆ ಹಾಕಿ ಡಬ್ಬಿಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು, ನನ್ನ ಕಡೆ ನೋಡಿ ಕಣ್ಣಲ್ಲೇ ಬಿತ್ತು ಅಂದಳು. ಆಮೇಲೆ ನಾನು. ಗೋಣಿತಟ್ಟಿನ ಮರೆಯಲ್ಲಿ ಯಾರೂ ಇಲ್ಲ, ವಾಡೆಯವರಿಲ್ಲ, ಹುಲೆಪ್ಪ ಇಲ್ಲ, ಯಾರ ಹೆದರಿಕೆಯೂ ಇಲ್ಲ, ಠಸ್ಸೆ ಎತ್ತಿದೆ, ಕಂದೀಲಿನ ಮೇಲೆಯೇ ಹಿಡಿದೆ, ಸೆರಗು ಸವರಿದ ಆ ಕೈ ಕಣ್ಣ ಮುಂದೆ ಬಂತು, ಕೈ ಒಂದು ಮನೆ ಕೆಳಗೆ ಇಳಿಸಿದೆ, ಒತ್ತಿದೆ, ಛತ್ರಿ. ನನ್ನ ಕೊಡ ಉರುಳಿಸಿದವರ ಛತ್ರಿ. ನನ್ನ ಕೈ ಒಂದಿಷ್ಟೂ ನಡುಗಲಿಲ್ಲ.

ನೂರಾರು ಓಟಿನಲ್ಲಿ ನನ್ನದೊಂದು ಯಾರಿಗೆ ತಿಳಿಯುತ್ತದೆ ಅಂದುಕೊಂಡಿದ್ದೆ, ಓಣಿಯಲ್ಲಿ ಹತ್ತಾದರೂ ಬೀಳುತ್ತವೆ, ಹತ್ತರಲ್ಲಿ ನನ್ನದೂ ಅಡಗಿಕೊಳ್ಳುತ್ತದೆ, ಈ ಹಾಳು ಓಣಿ ಒಂದೂ ಹಾಕಬಾರದೇ, ಒಬ್ಬರಾದರೂ ಹಾಕಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಇವಳ ಏಜಂಟ್ ಅಂತ ಎಣಿಕೆಯ ಮೇಜಿನ ಹತ್ತಿರ ನಿಂತವಳು ನಾನೇ, ಇವಳು ತನಗೆ ಓದಲು ಬರುವುದಿಲ್ಲ ಅಂತ ತಂತಿಯ ಜಾಳಿಗೆಯ ಹಿಂದೆಯೇ ಕೂತಿದ್ದಳು, ಕಂದೀಲಿನ ಆ ಒಂದು ಚೀಟಿಯನ್ನು ಕನ್ನಡಕದವನು ನನ್ನ ಕಣ್ಣ ಮುಂದೆ ಬಿಚ್ಚಿ ಹಿಡಿದ, ಏನು ಚೆಂದ ಬಿದ್ದಿತ್ತು ಅಂತೀರಿ, ಕಂದೀಲಿನ ಹೊಟ್ಟೆಯ ಮೇಲೆ, ನಟ್ಟ ನಡುವೆ, ಎಲ್ಲಿಯೂ ಮಸಿ ಹರಡಿಲ್ಲ, ಇದಕ್ಕಿಂತ ಸ್ವಚ್ಛ ಓಟು ಆ ಮೇಜಿನ ಮೇಲೆ ಇನ್ನೊಂದಿರಲಿಲ್ಲ. ಬಸ್ಸು ಗಕ್ಕನೆ ನಿಂತಿತು, ಕೋಳಿಯವಳು ಇಳಿದಳು, ಮತ್ತೆ ಹೊರಟಿತು, ಇವಳು ಬಾಯಿ ತೆರೆದಳು, ಬಂತು, ಶರಣೀ, ಒಂದು ಅಂದ್ರ ಒಂದನ ಏನಬೇ, ಹೂಂ ಒಂದನ ಅಂದೆ, ನಂದೊಂದು ನಿಂದೊಂದು ಎರಡಾಗಬೇಕಿತ್ತಲ್ಲ, ಅಂದಳು. ಸಿಟ್ಟಿಲ್ಲ, ಸಂಶಯವೂ ಇಲ್ಲ, ಲೆಕ್ಕ ತಪ್ಪಿದೆಯೇನೋ ಅಂತ ಕೇಳಿದಳು, ಹಾಗೆ ಕೇಳಬಾರದಿತ್ತು, ಹಲ್ಲು ಕಚ್ಚಿ ಕೇಳಿದ್ದರೆ ಹಾಕಿಲ್ಲ ಹೋಗು ಅಂತ ಅಂದುಬಿಡುತ್ತಿದ್ದೆ, ನನ್ನ ನಾಲಿಗೆ ತಾನೇ ಹೊರಳಿತು, ಆ ಒಂದು ನಂದು, ಅಂದೆ. ನಿಂದು ರದ್ದಿನ್ಯಾಗ ಹೋಗ್ಯಾದ ಮಲ್ಲಿ, ನಾ ಕಣ್ಣಾರೆ ನೋಡೀನಿ, ಗೆರಿ ಮ್ಯಾಲ ಬಿದ್ದಿತ್ತು, ಅರ್ಧ ಕಂದೀಲಿಗಿ ಅರ್ಧ ಛತ್ರಿಗಿ. ಇಲ್ಲಬೇ, ನಾ ನಡುವನ ಒತ್ತೀನಿ, ಊದೀನಿ, ಆರೂತನ ಊದೀನಿ — ಊದಿದ್ರೇನಾತು, ನಿನ್ನ ಕೈ ನಡುಗಲಾಕತ್ತಿತ್ತು, ನಿನಗ ತಿಳೀಲಿಲ್ಲ, ಹೇಳಬಾರದು ಅಂತ ಮಾಡಿದ್ದೆ, ನೀ ನೊಂದಕೋತಿ ಅಂತ. ನೊಂದಕೋತಿ ಅಂತ! ಇಷ್ಟು ಸಕ್ಕರೆ ನನ್ನ ಬಾಯಿಗೆ ಎಲ್ಲಿಂದ ಬಂತೋ.

ನಂಬಿದಳು. ಒಂದು ಗಳಿಗೆ ತನ್ನ ಬಲಗೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ನೋಡಿದ ಹಾಗೆ, ಆಮೇಲೆ ನನ್ನ ಎಡಗೈ ಎಳೆದುಕೊಂಡು ಮಸಿ ಹಚ್ಚಿದ ಬೆರಳನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು, ಪ್ರಸಾದ ಒತ್ತಿಕೊಂಡ ಹಾಗೆ, ರೆಪ್ಪೆ ಹಸಿ ಇತ್ತು, ಇಡೀ ಊರಾಗ ನೀ ಒಬ್ಬಾಕಿ ಹಾಕಿದಿಬೇ, ನನಗ ನಾನ ಹಾಕ್ಕೊಳ್ಳಾಕ ಬರಲಿಲ್ಲ, ಎಂಟು ದಿನ ಕಲಿಸಿದಿ, ನಿನ್ನ ಹೆಸರ ಕೆಡಿಸಿದೆ ಅಂದಳು, ಓಣ್ಯಾಗ ಯಾರಿಗೂ ಹೇಳಬ್ಯಾಡಬೇ, ನಗತಾರ. ಹೇಳಂಗಿಲ್ಲ ಅಂದೆ. ಮುಂದಿನ ಸಲ ನಂದೂ ನೀನ ಒತ್ತಿಬಿಡು, ನನ್ನ ಕೈ ಚಲೋ ಇಲ್ಲ. ಹೂಂ ಅಂದೆ, ಓಣಿಯವರು ಅಂದಂಥ ಹೂಂ. ಮುಗಿಯಿತು, ಬಚಾವಾದೆ, ಇನ್ನು ಇವಳು ಕುರ್ಚಿಯ ಹೆಸರೂ ಎತ್ತುವುದಿಲ್ಲ, ಬೋರಿಂಗು ವಾಡೆಯ ಮುಂದೆಯೇ ಇರುತ್ತದೆ, ನಾಳೆ ಇಬ್ಬರೂ ಕೊಡ ಹಿಡಿದು ಅಲ್ಲಿಯೇ ನಿಲ್ಲುತ್ತೇವೆ, ಮೊದಲಿನ ಹಾಗೆ, ಸರಿ ತಾನೇ, ಇದೇ ಬೇಕಿತ್ತಲ್ಲ ನನಗೆ. ಇವಳು ಸೆರಗಿನ ತುದಿಗೆ ಉಗುಳು ಹಚ್ಚಿ ತನ್ನ ಬೆರಳಿನ ಮಸಿ ತಿಕ್ಕುತ್ತಿದ್ದಾಳೆ.

ನಿಂಬರ್ಗಾ ಇನ್ನೂ ನಾಲ್ಕು ಮೈಲಿ ಇರಬೇಕು, ಅದಕ್ಕೂ ಮೊದಲು ನಮ್ಮ ಕ್ರಾಸು, ಇಳಿದು ನಡೆಯಬೇಕು, ಮನೆಗೆ ಹೋಗಿ ರೊಟ್ಟಿ ಬಡಿಯಬೇಕು, ಹಿಟ್ಟು ಇದೆಯೋ ಇಲ್ಲವೋ, ಹುಲೆಪ್ಪ ವಾಡೆಯಲ್ಲಿ ಗೆದ್ದ ಖುಷಿಯ ಪೇಢೆ ತಿಂದು ಬಂದಿರುತ್ತಾನೆ, ತಿನ್ನಲಿ, ಇವಳು ಸೆರಗು ಬಿಟ್ಟು ಬಲಗೈಯ ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದಾಳೆ, ನಾನು ಕಿಟಕಿಯ ಕಡೆ ತಿರುಗಿದೆ, ಜೋಳ ಹಸಿರಾಗಿದೆ, ಚಲೋ ಬಂದಿದೆ ಈ ಸಲ, ಬೆಳೆ ನೋಡು ಮಲ್ಲಿ ಅಂದೆ, ನೋಡಲಿಲ್ಲ, ಈಗ ಸೀಟಿನ ಅಂಚಿನ ಕಬ್ಬಿಣಕ್ಕೆ ಬೆರಳು ಒತ್ತಿ ತಿಕ್ಕುತ್ತಿದ್ದಾಳೆ, ಹಿಂದೆ ಮುಂದೆ, ಹಿಂದೆ ಮುಂದೆ, ಕಂಡಕ್ಟರ್ ಕೂಡ ನೋಡಿದ, ಬಿಡಬೇ, ಅದು ತಿಕ್ಕಿದ್ರ ಹೋಗಂಗಿಲ್ಲ, ಉಗುರು ಬೆಳದ ಮ್ಯಾಲನ ಹೋಗೂದು ಅಂದೆ, ಹಾಕದ ಓಟಿಗಿ ಮಸಿ ಯಾಕಬೇ ಅಂದಳು, ತಲೆ ಎತ್ತದೆ ಅಂದಳು, ನನಗೆ ಬಾಯಿ ಇತ್ತು, ಈಗಲೂ ಇದೆ, ಮಲ್ಲಿ ಆ ಒಂದು ನಿನ್ನದೇ ಅನ್ನಲು ಎಷ್ಟು ಹೊತ್ತು ಬೇಕು, ಕ್ರಾಸು ಬರಲಿ, ಇಳಿದ ಮೇಲೆ, ಇಲ್ಲ ನಾಳೆ ಹೊಲದಲ್ಲಿ, ಉಗುರಿನ ಬುಡ ಕೆಂಪಾಯಿತು, ರಕ್ತ ಬಂತು, ಮಸಿ ಹಾಗೇ ಇದೆ, ಕಬ್ಬಿಣದ ಮೇಲೆ ಬೆರಳು ಹಿಂದೆ ಮುಂದೆ, ಮಲ್ಲೀ, ಹಿಂದೆ ಮುಂದೆ, ತಿಕ್ಕುತ್ತಿದ್ದಾಳೆ, ತಿಕ್ಕುತ್ತಿದ್ದಾಳೆ —