ಬಸಲಿಂಗವ್ವನ ಬಲಗೈ

ರಮಾಬಾಯಿಗೆ ಎಂಟು ವಾರದ ಮಟ್ಟಿಗೆ ಒಬ್ಬರು ಬೇಕಾಗಿದ್ದರು. ಅವರು ದುಡಿದು ಉಣ್ಣುವವರಾಗಿರಬೇಕು, ಮೈಯಲ್ಲಿ ಎಲ್ಲಾದರೂ ಒಂದು ಹಳೆಯ ನೋವಿರಬೇಕು, ವಾರಕ್ಕೆ ಮೂರು ದಿನ ಅವಳಿಗಾಗಿ ಅರ್ಧ ತಾಸು ತೆಗೆದಿಡಬೇಕು. ನವನಗರದ ಸಮುದಾಯ ಕಾಲೇಜಿನಲ್ಲಿ ವ್ಯಾಯಾಮ ವಿಜ್ಞಾನದ ಡಿಪ್ಲೊಮಾ ಓದುವವರಿಗೆ ಎರಡನೆಯ ವರ್ಷದ ಪ್ರಾಜೆಕ್ಟ್ ಅಂದರೆ ಇದೇ. ಜೊತೆಯವರು ತಮ್ಮ ತಮ್ಮ ತಾಯಂದಿರನ್ನೋ ಮಾವಂದಿರನ್ನೋ ಹಿಡಿದು ಕೂರಿಸಿದ್ದರು. ರಮಾ ತನ್ನ ತಾಯಿ ಶಾರವ್ವನನ್ನು ಕೇಳಿದಾಗ ಅವಳು ಕುಡಗೋಲು ಕೆಳಗಿಡದೆಯೇ ನಕ್ಕುಬಿಟ್ಟಳು.

"ದಿನಾ ಹೊಲದಾಗ ಬಗ್ಗಿ ಏಳೂದು ಸಾಲದೇನ? ಮನಿಗೆ ಬಂದ ಮ್ಯಾಲ ನಿನ್ನ ಮುಂದ ಮತ್ತ ಬಗ್ಗಿ ಏಳಬೇಕ? ಬ್ಯಾರೆ ಯಾರನ್ನರ ನೋಡ."

ರಮಾ ಹುನಗುಂದದ ಹುಡುಗಿ. ತಂದೆ ಶಂಕ್ರಪ್ಪ ಗೋಡೆ ಕಟ್ಟುವ ಗೌಂಡಿ. ಅಂಬೇಡ್ಕರರ ಹೆಂಡತಿಯ ಹೆಸರನ್ನೇ ಮಗಳಿಗಿಟ್ಟು, ಏನಾದರೂ ಆಗಲಿ ಇವಳು ಓದಬೇಕು ಅಂತ ಪಟ್ಟು ಹಿಡಿದವನು. ಪಿಯುಸಿಯಲ್ಲಿ ಅವಳು ಎಂಟುನೂರು ಮೀಟರ್ ಓಡುತ್ತಿದ್ದಳು. ಜಿಲ್ಲಾ ಮಟ್ಟದ ಪಂದ್ಯದ ದಿನ ಕೊನೆಯ ಸುತ್ತಿನಲ್ಲಿ ತೊಡೆಯ ಹಿಂದೆ ಏನೋ ಹರಿದಂತಾಗಿ ಬಿದ್ದಳು. ಮೈದಾನದಲ್ಲಿದ್ದವರಲ್ಲಿ ಒಬ್ಬರು ನೀರು ಸುರಿದರು, ಇನ್ನೊಬ್ಬರು ಕಾಲು ಹಿಡಿದು ಎಳೆದರು. ಐದು ತಿಂಗಳು ಕುಂಟಿದಳು. ಆ ದಿನ ಅಲ್ಲಿ ತಿಳಿದವರು ಒಬ್ಬರಾದರೂ ಇದ್ದಿದ್ದರೆ ಅನ್ನುವ ಯೋಚನೆ ಅವಳನ್ನು ಬಿಡಲಿಲ್ಲ. ಈ ಕೋರ್ಸಿನ ವಿಷಯ ಗೊತ್ತಾದಾಗ ಮನೆಗೆ ಬಂದು ಹೇಳಿದಳು.

"ಓಡೂದು ಕಲಿಸಾಕೂ ಕಾಲೇಜ್ ಐತೇನ?" ಅಂದ ಶಂಕ್ರಪ್ಪ.

"ಓಡೂದಲ್ಲಪಾ. ಓಡುವಾಗ ಮೈಯಾಗ ಏನೇನ ಆಗತೈತಿ, ಪೆಟ್ಟಾದ್ರ ಮತ್ತ ಹೆಂಗ ಎಬ್ಬಸಬೇಕು, ಅದು."

"ಹಂಗಾರ ಕಲಿ. ನಮ್ಮ ಮಂದಿಗೆ ಮೈ ಬಿಟ್ಟರ ಬ್ಯಾರೆ ಆಸ್ತಿ ಏನೈತಿ?"

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದ್ದರಿಂದ ದಿನಾ ಹೋಗಿ ಬರುವುದು ಆಯಿತು. ಬೆಳಗ್ಗೆ ಹುನಗುಂದದಲ್ಲಿ ಹತ್ತಿದರೆ ಅಮೀನಗಡದ ಮೇಲೆ ಹಾದು ನವನಗರ. ಮೊದಲ ದಿನವೇ ಅವರ ಮೇಷ್ಟ್ರು ಜಲಾಲುದ್ದೀನ ಸರ್ ಹುಡುಗರನ್ನೆಲ್ಲ ನಿಲ್ಲಿಸಿ ಹೇಳಿದ್ದರು:

"ಇದನ್ನ ಕಲತ್ರ ಡಾಕ್ಟರ್ ಆಗೂದಿಲ್ಲ, ಅದನ್ನ ಇವತ್ತ ಮರತಬಿಡ್ರಿ. ಜಿಮ್‌ದಾಗ ಟ್ರೇನರ್ ಆಗಬಹುದು, ಸಾಲಿ ಹುಡುಗ್ರಿಗೆ ಆಟ ಕಲಿಸಬಹುದು, ತಂಡದ ಜೋಡಿ ಊರೂರು ತಿರಗಬಹುದು, ದವಾಖಾನಿಯೊಳಗ ಫಿಜಿಯೋಥೆರಪಿಯವರ ಕೈಕೆಳಗ ಕೆಲಸ ಮಾಡಬಹುದು. ಓದೂ ಮನಸಿದ್ದವ್ರು ಮುಂದ ಡಿಗ್ರಿ ಮಾಡ್ರಿ. ಎಲ್ಲೇ ಹೋದ್ರೂ ನಿಮ್ಮ ಮುಂದ ಒಂದು ಮೈ ಇರತೈತಿ. ಆ ಮೈಯಾಗ ಒಬ್ಬ ಮನಷ್ಯಾ ಇರತಾನ. ಅಷ್ಟ ನೆನಪಿಡ್ರಿ."

ಸರ್ ಸೈನ್ಯದಲ್ಲಿ ದೈಹಿಕ ತರಬೇತಿ ಕೊಟ್ಟು ನಿವೃತ್ತರಾದವರು. ಒಮ್ಮೆ ಬಾದಾಮಿಗೆ ಕರೆದೊಯ್ದು, ಗುಹೆಗಳ ಮೆಟ್ಟಿಲನ್ನು ಮೂರು ಸಲ ಹತ್ತಿಸಿ ಇಳಿಸಿ, ಒಬ್ಬರ ನಾಡಿಯನ್ನು ಇನ್ನೊಬ್ಬರು ಎಣಿಸುವಂತೆ ಮಾಡಿದ್ದರು. ಸುತ್ತ ನಿಂತು ಮಂಗಗಳು ನೋಡುತ್ತಿದ್ದವು. ಹೃದಯ ಅಂದರೇನು ಅಂತ ರಮಾಗೆ ಪುಸ್ತಕಕ್ಕಿಂತ ಮೊದಲು ಅಲ್ಲಿ ಗೊತ್ತಾಯಿತು.

ಪ್ರಾಜೆಕ್ಟಿಗೆ ಯಾರೂ ಸಿಗದೆ ಚಿಂತೆ ಹತ್ತಿದ್ದಾಗ, ಒಂದು ಸಂಜೆ ಅಮೀನಗಡದಲ್ಲಿ ಬಸ್ಸು ಚಹಾಕ್ಕೆ ನಿಂತಿತ್ತು. ಕರದಂಟಿನ ಮಿಠಾಯಿ ಅಂಗಡಿಯೊಂದರ ಹಿಂದಿನ ಅಡುಗೆಕೋಣೆ ಕಿಟಕಿಯಿಂದ ಕಾಣುತ್ತಿತ್ತು. ಗಿಡ್ಡ ಮೈಕಟ್ಟಿನ, ಹಣೆ ತುಂಬ ವಿಭೂತಿ ಹಚ್ಚಿದ ಹೆಂಗಸು ದೊಡ್ಡ ಕಡಾಯಿಯಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದಳು. ನಡುನಡುವೆ ಎಡಗೈಯಿಂದ ಬಲಗೈಯ ಮೊಣಕೈಯನ್ನು ಎತ್ತಿ ಹಿಡಿಯುತ್ತಿದ್ದಳು. ರಮಾ ಬಸ್ಸಿಳಿದು ಹೋಗಿ ಬಾಗಿಲಲ್ಲಿ ನಿಂತಳು.

"ಅಮ್ಮಾರ, ರಟ್ಟಿ ನೋಯ್ತೈತೇನ್ರಿ?"

ಹೆಂಗಸು ತಿರುಗಿ ನೋಡಿದಳು. "ಎರಡು ವರ್ಷಾತು. ನೀ ಯಾರವಾ, ಡಾಕ್ಟರೇನ?"

"ಅಲ್ರಿ. ಕಲಿಯಾಕತ್ತೇನಿ." ರಮಾ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ತಾನು ಯಾರ ಮಗಳು, ಯಾವ ಓಣಿಯವಳು ಅನ್ನುವುದನ್ನೂ ಹೇಳಿದಳು. ಆಮೇಲೆ ತಿಳಿದು ಬೇಡ ಅನ್ನುವುದಕ್ಕಿಂತ ಮೊದಲೇ ತಿಳಿಯುವುದು ಲೇಸು ಅಂತ ಅವಳ ಲೆಕ್ಕ.

ಹೆಂಗಸು ಒಲೆ ಸಣ್ಣ ಮಾಡಿದಳು. "ಹೊರಗ ನಿಂತು ನನ್ನ ಕೈ ಹೆಂಗ ನೋಡ್ತಿ ತಂಗಿ? ಒಳಗ ಬಾ."

ಅವಳೇ ಬಸಲಿಂಗವ್ವ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮಗಳು ಗಂಡನ ಮನೆಯಲ್ಲಿ. ಈ ಅಂಗಡಿಯ ಪಾಕವೆಲ್ಲ ಅವಳ ಕೈಯದು. ಮಾಲಕ ವಿಜಯಮಹಾಂತೇಶ ಬೇಡವೆನ್ನಲಿಲ್ಲ. ಸಂಜೆ ಐದಕ್ಕೆ ಕೆಲಸ ಮುಗಿದ ಮೇಲೆ ಅಲ್ಲೇ ಹಿಂದೆ ಅರ್ಧ ತಾಸು ಅಂತ ಮಾತಾಯಿತು.

ಡಾಕ್ಟರು ನೋಡದ ಹೊರತು ಯಾರ ಮೈಗೂ ಕೈ ಹಚ್ಚಬಾರದು ಅನ್ನುವುದು ಸರ್ ಹಾಕಿದ್ದ ನಿಯಮ. ರಮಾ ಬಸಲಿಂಗವ್ವನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಎಲುಬಿಗೇನೂ ಆಗಿಲ್ಲ, ಭುಜದ ಸ್ನಾಯು ದಣಿದು ಬಾತಿದೆ, ಹಗುರ ವ್ಯಾಯಾಮ ಮಾಡಿಸಬಹುದು ಅಂದರು ಡಾಕ್ಟರು. ರಮಾ ಪುಸ್ತಕದಲ್ಲಿದ್ದ ಹಾಗೆ ಆರು ವ್ಯಾಯಾಮ ಗೊತ್ತು ಮಾಡಿದಳು. ರಬ್ಬರ್ ಪಟ್ಟಿ ಕಿಟಕಿಯ ಸರಳಿಗೆ ಕಟ್ಟಿ ಎಳೆಯುವುದು, ಗೋಡೆಗೆ ಬೆರಳೂರಿ ಕೈ ಮೇಲಕ್ಕೆ ಏರಿಸುವುದು, ಹೀಗೆ. ವಾರಕ್ಕೊಮ್ಮೆ ಕೇಳುತ್ತಿದ್ದಳು: ನೋವೇ ಇಲ್ಲ ಅಂದರೆ ಸೊನ್ನೆ, ತಡೆಯಲಾರೆ ಅಂದರೆ ಹತ್ತು, ಈಗ ಎಷ್ಟು?

ಮೊದಲ ವಾರ ಬಸಲಿಂಗವ್ವ ಎಂಟು ಅಂದಳು. ಎರಡನೆಯ ವಾರ ಏಳು. ಆಮೇಲೆ ಐದು, ನಾಲ್ಕು. ಐದನೆಯ ವಾರ ಮೂರು ಅಂದಾಗ ರಮಾ ಅವಳನ್ನು ತಬ್ಬಿಕೊಂಡೇ ಬಿಟ್ಟಳು. ವಹಿಯಲ್ಲಿ ಗೆರೆ ಚೆಂದಾಗಿ ಇಳಿಯುತ್ತಿತ್ತು. ತರಗತಿಯಲ್ಲಿ ಸರ್ ಅದನ್ನು ಎಲ್ಲರಿಗೂ ತೋರಿಸಿದರು.

ಆರನೆಯ ವಾರ ಒಂದು ದಿನ ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟಿತು. ರಮಾ ಹೇಳದೆ ಕೇಳದೆ ಅಂಗಡಿಗೆ ಹೋದಳು. ಬಸಲಿಂಗವ್ವ ಎಡಗೈಯಿಂದ ಸೌಟು ತಿರುವುತ್ತಿದ್ದಳು. ಬಲಗೈ ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡಿತ್ತು.

"ಏನ್ರಿ ಇದು?"

ಬಸಲಿಂಗವ್ವ ಗಾಬರಿಯಾಗಿ ಸೌಟನ್ನು ಬಲಗೈಗೆ ಕೊಡಲು ಹೋದಳು. ಸೌಟು ಜಾರಿ ಕಡಾಯಿಗೆ ಬಿತ್ತು. ಹೊರಗಿನಿಂದ ವಿಜಯಮಹಾಂತೇಶ ಕೂಗಿ ಹೇಳಿದ: "ಎಂಟು ದಿನಾತು ಎಡಗೈಲೇ ನಡದೈತಿ. ಹೇಳಬ್ಯಾಡ ಅಂದಿದ್ಲು, ಅದಕ್ಕ ಹೇಳಿಲ್ಲ."

ರಮಾ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳು. "ಮೂರು ಅಂದಿದ್ರಲ್ರಿ."

"ಒಂಬತ್ತು ಐತಿ," ಅಂದಳು ಬಸಲಿಂಗವ್ವ ಸಣ್ಣ ದನಿಯಲ್ಲಿ. "ಆ ಗ್ವಾಡಿಗೆ ಕೈ ಏರಸೂದು ಮಾಡಿದ ದಿನ ರಾತ್ರಿ ಮಗ್ಗಲಾ ಹಾಕಾಕ ಬರೂದಿಲ್ಲ."

"ಮತ್ಯಾಕ ಸುಳ್ಳ ಹೇಳಿದ್ರಿ?"

"ನೀ ಅಂಕಿ ಬರಕೊಳ್ಳುವಾಗ ನಾ ನಿನ್ನ ಮಾರಿ ನೋಡ್ತಿದ್ದೆ ತಂಗಿ. ಕಡಿಮಿ ಹೇಳಿದ್ರ ಮಾರಿ ಅರಳತಿತ್ತು. ದಿನಾ ಅಷ್ಟು ದೂರ ಹೋಗಿ ಕಲತ ಬರ್ತಿ. ನನ್ನ ಒಂದು ಕೈ ಸಂಬಂಧ ನೀ ಫೇಲಾಗಬಾರದು ಅನಿಸ್ತು."

ರಮಾಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಐದು ವಾರ ಒಬ್ಬ ಹೆಂಗಸು ನನ್ನ ಸಂತೋಷಕ್ಕಾಗಿ ನೋವು ನುಂಗಿದ್ದಳು. ನಾನು ಅವಳ ಕೈಯನ್ನು ನೋಡದೆ ವಹಿ ನೋಡಿಕೊಂಡು ಕೂತಿದ್ದೆ. ಹೀಗೆ ಅಂದುಕೊಳ್ಳುತ್ತ ಬಸ್ಸಿನಲ್ಲಿ ಹುನಗುಂದದವರೆಗೂ ಕಣ್ಣೊರೆಸಿಕೊಂಡಳು.

ಮನೆಯಲ್ಲಿ ತಂದೆ ಕೈಕಾಲು ತೊಳೆದು ಕೂತಿದ್ದ. ರಮಾ ಎಲ್ಲ ಹೇಳಿದಳು.

"ಆಕಿ ಮೂರು ಅಂದಾಳ, ನಾ ಬರದೇನಿ. ಹಂಗ ಬಿಟ್ರ ಪಾಸ ಆಗತೇನಿ," ಅಂದಳು ರಮಾ, ಅವನ ಮುಖ ನೋಡದೆ.

"ನಾ ಕಟ್ಟಿದ ಗ್ವಾಡಿ ಸೊಟ್ಟಾದ್ರ ಮ್ಯಾಲ ಗಿಲಾವ ಮಾಡಿ ಮುಚ್ಚಬಹುದು. ಮಾಲಕರಿಗೆ ಗೊತ್ತಾಗೂದಿಲ್ಲ," ಅಂದ ಶಂಕ್ರಪ್ಪ. "ಆದ್ರ ಆ ಮನಿಯಾಗ ಮಂದಿ ಮಲಗತಾರಲ್ಲವಾ."

ಮರುದಿನ ರಮಾ ಜಲಾಲುದ್ದೀನ ಸರ್ ಮುಂದೆ ವಹಿ ಇಟ್ಟು ನಡೆದದ್ದನ್ನು ಹೇಳಿದಳು. ಆ ಪುಟ ಹರಿದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ ಅಂದಳು.

"ಹರಿಬ್ಯಾಡ," ಅಂದರು ಸರ್. "ಅದರ ಕೆಳಗ ಖರೆ ಏನಂತ ಬರಿ. ವ್ಯಾಯಾಮ ಈಗಿಂದೀಗ ಬಂದ್ ಮಾಡು, ಆಕಿನ್ನ ಮತ್ತ ಡಾಕ್ಟರ ಕಡೆ ಕರಕೊಂಡ ಹೋಗು." ಆಮೇಲೆ ಕನ್ನಡಕ ತೆಗೆದು ಕೇಳಿದರು: "ಆಕಿ ಕೆಲಸ ಮಾಡೂದನ್ನ ನೀ ಎಷ್ಟು ತಾಸು ಕುಂತು ನೋಡೀದಿ?"

"ಒಂದು ತಾಸೂ ಇಲ್ರಿ," ಅಂದಳು ರಮಾ. ಅವಳು ಹೋಗುತ್ತಿದ್ದುದೇ ಕೆಲಸ ಮುಗಿದ ಮೇಲೆ.

"ಗೆರಿ ಅಷ್ಟು ಚೆಂದ ಇಳಿಯುವಾಗ ನಾನರ ಕೇಳಬೇಕಿತ್ತು. ನಂದೂ ತಪ್ಪೈತಿ," ಅಂದರು ಸರ್. ಒಬ್ಬ ಮೇಷ್ಟ್ರು ತನ್ನ ಮುಂದೆ ಹಾಗೆ ಅಂದದ್ದು ರಮಾ ಅದೇ ಮೊದಲು ಕೇಳಿದ್ದು.

ಡಾಕ್ಟರು ಎಂಟು ದಿನ ಕೈಗೆ ವಿಶ್ರಾಂತಿ ಹೇಳಿದರು. ಅಷ್ಟು ದಿನ ವಿಜಯಮಹಾಂತೇಶ ತಾನೇ ಸೌಟು ಹಿಡಿದ. ಬಸಲಿಂಗವ್ವ ಪಕ್ಕದಲ್ಲಿ ಕೂತು ಪಾಕದ ಹದ ಹೇಳಿದಳು. ಅವಳು ಮತ್ತೆ ಕೆಲಸಕ್ಕೆ ನಿಂತ ಭಾನುವಾರ ರಮಾ ಬೆಳಗ್ಗೆ ಎಂಟಕ್ಕೇ ಬಂದು ಅಡುಗೆಕೋಣೆಯ ಮೂಲೆಯಲ್ಲಿ ಕೂತಳು. ಅಂಟು ತುಪ್ಪದಲ್ಲಿ ಅರಳುವುದು, ಕೊಬ್ಬರಿ ಗೋಡಂಬಿ ಹುರಿಯುವುದು, ಪಾಕ ಏರುವುದು, ಎಲ್ಲ ನೋಡಿದಳು. ನಡುನಡುವೆ ಮಾಲಕ ತಿರುವುವಾಗ ಅವನ ಮೊಣಕೈ ಪಕ್ಕೆಗೆ ಹತ್ತಿಕೊಂಡಿರುತ್ತಿತ್ತು. ಬಸಲಿಂಗವ್ವ ತಿರುವುವಾಗ ಮೊಣಕೈ ಭುಜದ ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತಿತ್ತು. ಒಂದು ಕಡಾಯಿ ಇಳಿಯುವವರೆಗೆ ಒಮ್ಮೆಯೂ ಕೆಳಗಿಳಿಯಲಿಲ್ಲ.

"ಈ ಒಲಿ ಕಟ್ಟಿ ಯಾವಾಗ ಕಟ್ಟಿಸಿದ್ರಿ?" ಕೇಳಿದಳು ರಮಾ.

"ಗ್ಯಾಸಿನ ಒಲಿ ತಂದಾಗ," ಅಂದ ವಿಜಯಮಹಾಂತೇಶ. "ಆಗ ಒಬ್ಬ ಎತ್ತರದ ಅಡಗಿಯಾವ ಇದ್ದ, ಅವನ ಅಳತಿಗೆ ಕಟ್ಟಿಸಿದ್ವಿ, ಅವ ತಿಂಗಳೊಳಗ ಬಿಟ್ಟು ಹೋದ. ಎರಡು ವರ್ಷ ಆಗಿರಬೇಕು."

ಹೇಳಿದ ಮೇಲೆ ಅವನೂ ಬಸಲಿಂಗವ್ವನ ಕಡೆ ನೋಡಿದ. ಮೂವರೂ ಕಡಾಯಿಯ ಅಂಚನ್ನೂ ಅವಳ ಭುಜವನ್ನೂ ನೋಡಿದರು. ಎರಡು ವರ್ಷದಿಂದ ಆ ಕೈ ದಿನಕ್ಕೆ ಆರು ತಾಸು ಎತ್ತಿಕೊಂಡೇ ಇತ್ತು. ಸಂಜೆ ಬಂದು ರಮಾ ಅದನ್ನು ಮತ್ತೆ ಗೋಡೆಗೆ ಏರಿಸಿದ್ದಳು.

ಕಟ್ಟೆ ಒಡೆಸಿದರೆ ಅಂಗಡಿ ವಾರಗಟ್ಟಲೆ ನಿಲ್ಲುತ್ತದೆ. ರಮಾ ಮನೆಗೆ ಹೋಗಿ ತಂದೆಗೆ ಹೇಳಿದಳು. ಶಂಕ್ರಪ್ಪ ಕರಣಿ ಚೀಲ ಹೆಗಲಿಗೇರಿಸಿಕೊಂಡು ಮರುದಿನ ಅಮೀನಗಡಕ್ಕೆ ಬಂದ. ಬಸಲಿಂಗವ್ವನನ್ನು ಒಲೆಯ ಮುಂದೆ ನಿಲ್ಲಿಸಿ, ಕಾಲ ಕೆಳಗೆ ಒಂದೊಂದೇ ಇಟ್ಟಿಗೆ ಇಡುತ್ತ, "ಈಗ ತಿರುವ್ರಿ, ಈಗ ನೋಡ್ರಿ" ಅನ್ನುತ್ತ, ಮೊಣಕೈ ಪಕ್ಕೆಗೆ ಬರುವವರೆಗೆ ಅಳತೆ ಮಾಡಿದ. ಅಷ್ಟೇ ಎತ್ತರದ ಒಂದು ಮೆಟ್ಟಿಲು ಕಟ್ಟಿ, ಮೇಲೆ ಇಳಕಲ್ಲಿನ ಒರಟು ಕಲ್ಲಿನ ಹಾಸು ಕೂರಿಸಿದ, ತುಪ್ಪ ಚೆಲ್ಲಿದರೂ ಕಾಲು ಜಾರಬಾರದು ಅಂತ. ಮೂರು ದಿನ ಆರಲು ಬಿಟ್ಟು ನಾಲ್ಕನೆಯ ದಿನ ಬಸಲಿಂಗವ್ವ ಅದರ ಮೇಲೆ ಹತ್ತಿದಳು.

"ಯಪ್ಪಾ, ಕಡಾಯಿಯೊಳಗಿನ ತಳ ನನಗ ಇವತ್ತ ಕಾಣಾಕತ್ತೈತಿ ನೋಡ," ಅಂದಳು.

ಆಮೇಲಷ್ಟೇ ವ್ಯಾಯಾಮ ಮತ್ತೆ ಶುರುವಾಯಿತು. ಈ ಸಲ ಎರಡೇ, ಅದೂ ಕೈ ಭುಜದ ಕೆಳಗಿದ್ದು ಮಾಡುವಂಥವು. ಅಂಕಿ ಕೇಳುವ ಮೊದಲು ರಮಾ ವಹಿ ಮುಚ್ಚಿಟ್ಟು, "ಹೆಚ್ಚು ಹೇಳಿದ್ರ ನನಗ ಉಪಕಾರ ಆಗತೈತ್ರಿ, ಅದರಿಂದನ ಕಲಿತೇನಿ" ಅನ್ನುತ್ತಿದ್ದಳು. ಗಡುವು ದಾಟಿ ಎರಡು ವಾರಕ್ಕೆ ಪ್ರಾಜೆಕ್ಟು ಒಪ್ಪಿಸುವಾಗ ನೋವು ಆರಕ್ಕೆ ನಿಂತಿತ್ತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಶೀಲಾ ಮೇಡಂ, ಇಳಕಲ್ಲಿನ ಒಂದು ಸಣ್ಣ ಆಸ್ಪತ್ರೆಯ ಫಿಜಿಯೋಥೆರಪಿಸ್ಟ್. ಉಳಿದವರ ಚಾರ್ಟುಗಳೆಲ್ಲ ಸೊನ್ನೆಗೋ ಒಂದಕ್ಕೋ ಬಂದು ಮುಟ್ಟಿದ್ದವು. ರಮಾಳದರಲ್ಲಿ ಗೆರೆ ಮೂರಕ್ಕಿಳಿದು, ಒಮ್ಮೆಲೆ ಒಂಬತ್ತಕ್ಕೆ ಜಿಗಿದು, ಆರಕ್ಕೆ ಬಂದಿತ್ತು.

"ಇದೇನವಾ ಹಿಂಗ?"

"ಮೊದಲಿನ ಐದು ವಾರ ಸುಳ್ರಿ ಮೇಡಂ. ಅವ್ರು ನನ್ನ ಸಂಬಂಧ ಸುಳ್ಳ ಹೇಳಿದ್ರು, ನಾ ಕಣ್ಣ ಮುಚ್ಚಿ ನಂಬಿದ್ದೆ." ಅಲ್ಲಿಂದ ಮುಂದಿನದನ್ನೆಲ್ಲ ನಿಂತುಕೊಂಡೇ ಹೇಳಿದಳು. ಶೀಲಾ ಮೇಡಂ ನಡುವೆ ಒಮ್ಮೆಯೂ ತಡೆಯಲಿಲ್ಲ. ತಡವಾಗಿ ಒಪ್ಪಿಸಿದ್ದಕ್ಕೆ ಅಂಕ ಕಳೆದರು. ಆದರೆ ಹೊರಡುವಾಗ ತಮ್ಮ ಫೋನ್ ನಂಬರು ಬರೆದುಕೊಟ್ಟು, "ರಿಸಲ್ಟ್ ಬಂದ ಮ್ಯಾಲ ಫೋನ್ ಮಾಡು. ನಮ್ಮಲ್ಲಿ ನೇಕಾರ ಮಂದಿ ಭಾಳ ಬರ್ತಾರ. ಮಗ್ಗದ ಮುಂದ ಹೋಗಿ ಕುಂತು ನೋಡವ್ರು ನನಗ ಬೇಕಾಗ್ಯಾರ," ಅಂದರು.

ಜುಲೈಯಲ್ಲಿ ರಮಾಗೆ ಇಳಕಲ್ಲಿನಲ್ಲಿ ವ್ಯಾಯಾಮ ಸಹಾಯಕಿಯ ಕೆಲಸವಾಯಿತು. ಅವಳ ಜೊತೆಯವರಲ್ಲಿ ಒಬ್ಬ ನವನಗರದ ಜಿಮ್ ಸೇರಿದ್ದ, ದಾನೇಶ್ವರಿ ಅನ್ನುವ ಗೆಳತಿ ಶಾಲೆಯಲ್ಲಿ ಖೊಖೊ ಕಲಿಸುತ್ತಿದ್ದಳು. ಎರಡು ವರ್ಷ ದುಡಿದು ಆಮೇಲೆ ಡಿಗ್ರಿಗೆ ಸೇರುವುದು ಅಂತ ರಮಾ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

ಕೆಲಸಕ್ಕೆ ಹೋಗುವ ಹಿಂದಿನ ದಿನ ಅಮೀನಗಡಕ್ಕೆ ಹೋದಳು, ಬೈಂಡ್ ಮಾಡಿಸಿದ ಪ್ರಾಜೆಕ್ಟ್ ಪುಸ್ತಕ ಹಿಡಿದುಕೊಂಡು. ಎಲ್ಲರ ಪುಸ್ತಕದಲ್ಲೂ ಮೊದಲ ಪುಟ ಕೃತಜ್ಞತೆಯದು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು, ಪ್ರಾಂಶುಪಾಲರಿಂದ ಶುರುವಾಗಿ ಗ್ರಂಥಪಾಲಕರಲ್ಲಿ ಮುಗಿಯುವಂಥದ್ದು. ರಮಾ ತನ್ನದನ್ನು ತಾನೇ ಬರೆದಿದ್ದಳು. ಬಸಲಿಂಗವ್ವನಿಗೆ ಓದಲು ಬರುತ್ತಿರಲಿಲ್ಲ. ಒಲೆಯ ಪಕ್ಕ ನಿಂತು ರಮಾ ಓದಿದಳು:

"ಅಮೀನಗಡದ ಬಸಲಿಂಗವ್ವ, ವಯಸ್ಸು ಐವತ್ತೆಂಟು, ಇವರು ನನ್ನ ಮೊದಲ ಗುರು. ನಾನು ಕಲಿಯಲಿ ಅಂತ ತಮ್ಮ ಕೈ ಕೊಟ್ಟರು. ನನ್ನ ತಪ್ಪಿನಿಂದ ಅವರಿಗೆ ನೋವಾಯಿತು. ಆದರೂ ನನ್ನನ್ನು ಮತ್ತೆ ಒಳಗೆ ಕರೆದರು. ಮುಂದೆ ನನ್ನಿಂದ ಯಾರಿಗೆ ಒಳ್ಳೆಯದಾದರೂ ಅದರಲ್ಲಿ ಇವರ ಪಾಲಿದೆ. ಇವರ ಉಪಕಾರ ನನ್ನ ತಲೆಯ ಮೇಲಿರಲಿ."

ಬಸಲಿಂಗವ್ವ ಸೌಟು ತಿರುವುವುದನ್ನು ನಿಲ್ಲಿಸಿರಲಿಲ್ಲ. ಬಲಗೈ ಸರಾಗವಾಗಿ ಸುತ್ತುತ್ತಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಐವತ್ತೆಂಟು ಅಂತ ಯಾಕ ಬರದಿ? ಐವತ್ತಾರು ಇರಬೇಕು."

"ಆಧಾರ್ ಕಾರ್ಡ್‌ನ್ಯಾಗ ಹಂಗ ಐತ್ರಿ."

"ಅದನ್ನ ಬರಸಿದಾವ್ರಿಗೆ ಏನ ಗೊತ್ತ!" ಅಂದಳು ಬಸಲಿಂಗವ್ವ. ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ರಮಾಳ ಕೆನ್ನೆಯ ಮೇಲೆ ಕೈಯಿಟ್ಟಳು, ಬೆಲ್ಲದ ಬಿಸಿಗೆ ಕಾದಿದ್ದ ಅಂಗೈ. "ಹೋಗಿ ಬಾ ನನ್ನವ್ವ. ಛಲೋ ಆಗ್ಲಿ ನಿನಗ. ಈಗ ಅತ್ಲಾಗ ಸರಿ, ಪಾಕ ತಳಾ ಹಿಡಿತೈತಿ."