ಶುಕ್ರವಾರದ ಅಳತೆ

ಡಾಕ್ಟರ್ ಬಹ್ಗತ್ ತುಲ್ಬಾ ಅಹಂಕಾರಿ. ಇದು ಬೆನ್ನ ಹಿಂದೆ ಆಡುವ ಮಾತಲ್ಲ. ಇಪ್ಪತ್ತಾರು ವರ್ಷ ಒಂದೇ ವಿಭಾಗದಲ್ಲಿ ಅವರ ಜೊತೆ ದುಡಿದು, ಕೊನೆಯ ಒಂಬತ್ತು ವರ್ಷ ಅವರ ಮುಖ್ಯಸ್ಥೆಯಾಗಿದ್ದು, ಅವರ ಮುಖದೆದುರಿಗೇ ಹಲವು ಸಲ ಹೇಳಿದ್ದೇನೆ. ಪ್ರತಿಸಲವೂ ಅವರದು ಒಂದೇ ಉತ್ತರ: "ಅಳೆದು ನೋಡಿದ್ರಾ, ಮೇಡಂ?" ಯಂತ್ರಗಳ ಸದ್ದನ್ನೂ ನಡುಕವನ್ನೂ ಅಳೆಯುವುದು ಅವರ ವಿದ್ಯೆ. ಆ ವಿದ್ಯೆಯಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅವರಿಗೆ ಸಮನಾದವರು ಇರಲಿಲ್ಲ; ದುರದೃಷ್ಟವಶಾತ್ ಇದು ಅವರಿಗೂ ತಿಳಿದಿತ್ತು.

ನಡೆಯುವಾಗ ಅವರ ಹಿಮ್ಮಡಿ ನೆಲಕ್ಕೆ ತಾಕುತ್ತಿರಲಿಲ್ಲ. ತಮ್ಮ ಹೆಜ್ಜೆಯ ಸದ್ದು ತಮ್ಮ ಅಳತೆಯನ್ನೇ ಕೆಡಿಸೀತೆಂದು ಪ್ರಯೋಗಾಲಯದಲ್ಲಿ ಕಲಿತ ನಡಿಗೆ ಬೀದಿಗೂ ಮನೆಗೂ ಮಸೀದಿಗೂ ಅವರನ್ನು ಹಿಂಬಾಲಿಸಿತ್ತು. ಆರಡಿ ಎತ್ತರದ, ಹೊಟ್ಟೆ ಬಂದ ಮನುಷ್ಯ ಹಾಲು ಕದಿಯಲು ಹೊರಟ ಬೆಕ್ಕಿನಂತೆ ಬರುವುದನ್ನು ಕಂಡು ಹೊಸ ವಿದ್ಯಾರ್ಥಿಗಳು ನಗುತ್ತಿದ್ದರು, ಹಳಬರು ನಗುತ್ತಿರಲಿಲ್ಲ. ಮೈಮೇಲೆ ಬೇಸಿಗೆಯಲ್ಲೂ ಒಂದು ಕಂದು ಕೋಟು, ಅದರ ಬಲಜೇಬಿನಲ್ಲಿ ಸೆನ್ಸರನ್ನು ಯಂತ್ರಕ್ಕೆ ಅಂಟಿಸುವ ಜೇನುಮೇಣದ ಉಂಡೆ. ಆಗಸ್ಟಿನ ಬಿಸಿಲಿಗೆ ಮೇಣ ಕರಗಿ ಕೋಟಿನ ಮೇಲೆ ಹೊಸ ಕಲೆ ಮೂಡಿದಾಗಲೆಲ್ಲ ಅವರ ಹೆಂಡತಿ, "ಇದನ್ನ ಆ ಜೇನುಹುಳಗಳಿಗೇ ವಾಪಸ್ ಕೊಟ್ಟುಬಿಡಿ" ಎನ್ನುತ್ತಿದ್ದರು. ಒಮ್ಮೆ ಟ್ರಾಮಿನಲ್ಲಿ ಹೋಗುವಾಗ, "ಇದರ ಗಾಲಿ ಚಪ್ಪಟೆಯಾಗಿದೆ, ಇಳೀರಿ" ಎಂದು ನಮ್ಮನ್ನೆಲ್ಲ ಇಳಿಸಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದರು. ತಂಗಿಯ ಮಗಳ ಮದುವೆಯಲ್ಲಿ ಧ್ವನಿವರ್ಧಕದ ಮುಂದೆ ಮಾಪಕ ಹಿಡಿದು ನಿಂತು, ವರನ ತಂದೆಗೆ ಗಂಭೀರವಾಗಿ ವರದಿ ಒಪ್ಪಿಸಿದರು: "ನೂರಾ ಹನ್ನೊಂದು ಡೆಸಿಬೆಲ್. ನಿಮ್ಮ ಮಗನಿಗೆ ನಾಳೆಯಿಂದ ಹೆಂಡ್ತಿ ಮಾತು ಕೇಳಿಸಲ್ಲ."

"ಹಾಗಾದ್ರೆ ಇನ್ನೂ ಜೋರು ಮಾಡ್ಸಿ ಡಾಕ್ಟ್ರೇ," ಎಂದರು ಆ ಮುದುಕರು. "ಸಂಸಾರ ನೂರು ವರ್ಷ ಬಾಳಲಿ."

ಅವರ ಸ್ವಭಾವ ನನಗೆ ಪೂರ್ತಿ ಅರ್ಥವಾಯಿತೆಂದು ನಾನು ಭಾವಿಸಿದ್ದು ಪಂಪ್‌ಹೌಸಿನ ಪ್ರಕರಣದಲ್ಲಿ. ಸರೋವರದ ದಂಡೆಯ ಆ ಕಟ್ಟಡದಲ್ಲಿ ನಾಲ್ಕು ಪಂಪುಗಳಿವೆ. ಕಡಲಿಗಿಂತ ತಗ್ಗಿನಲ್ಲಿರುವ ಹೊಲಗಳಿಂದ ಬಸಿದು ಬಂದ ನೀರನ್ನು ಅವು ಎತ್ತಿ ಕಡಲಿಗೆ ಚೆಲ್ಲುತ್ತವೆ. ಮೂರನೆಯ ಪಂಪನ್ನು ಅದರ ಮೋಟರಿಗೆ ಜೋಡಿಸುವ ಕಪ್ಲಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಮುರಿಯಿತು. ಜೋಡಿಸಿದವರು ಉಸ್ತಾ ಗಾನಿಮ್, ಮೂವತ್ತೊಂದು ವರ್ಷದಿಂದ ಅಲ್ಲಿನ ಹಿರಿಯ ಮೆಕ್ಯಾನಿಕ್. ಅವರು ಓರೆಯಾಗಿ ಜೋಡಿಸಿದ್ದರಿಂದಲೇ ಮುರಿಯಿತೆಂದು ಆಡಳಿತದವರು ವಿಚಾರಣೆ ಹೂಡಿದರು. ಆರೋಪ ನಿಂತರೆ, ನಿವೃತ್ತಿಗೆ ಉಳಿದ ಎಂಟು ತಿಂಗಳು ಅವರು ಪಂಪು ಮುಟ್ಟುವಂತಿಲ್ಲ, ಗೋದಾಮಿನ ಬಾಗಿಲು ಕಾಯಬೇಕು. ಬೇರೆಯವರಿಗೆ ಅದು ಸುಖದ ಕೆಲಸ. ಮೂರು ದಶಕ 'ಉಸ್ತಾ', ಅಂದರೆ ಕಸುಬಿನ ಗುರು, ಎನ್ನಿಸಿಕೊಂಡವರಿಗೆ ಹತ್ತು ಜನರ ಮುಂದೆ ಮುಖಕ್ಕೆ ಮಸಿ ಬಳಿದ ಹಾಗೆ. ಎಲ್ಲವೂ ತಜ್ಞರಾಗಿ ಬಹ್ಗತ್ ಕೊಡಲಿದ್ದ ವರದಿಯ ಮೇಲೆ ನಿಂತಿತ್ತು.

ಅವರು ಆರಿಸಿದ್ದು ಶುಕ್ರವಾರದ ಬೆಳಿಗ್ಗೆ. ರಜೆಯ ದಿನ, ರಸ್ತೆಯಲ್ಲಿ ಲಾರಿಗಳಿಲ್ಲ. ಮಿಕ್ಕ ಮೂರು ಪಂಪುಗಳನ್ನೂ ನಿಲ್ಲಿಸಿ, ಮೂರನೆಯದೊಂದನ್ನೇ ಓಡಿಸಿ ಅಳೆದರು. ಪರರ ಸದ್ದು ಸೋಕಬಾರದೆನ್ನುವುದು ನಮ್ಮ ಶಾಸ್ತ್ರದ ಮಡಿ. ವರದಿಗೆ ನನ್ನ ಸಹಿಯೂ ಬೇಕಾದ್ದರಿಂದ ನಾನೂ ಜೊತೆಗಿದ್ದೆ.

"ಡಾಕ್ಟ್ರೇ, ಇವಳು ಒಬ್ಬಳೇ ಇದ್ರೆ ಪರಮ ಸಾಧ್ವಿ," ಎಂದರು ಉಸ್ತಾ ಗಾನಿಮ್, ಮೂರನೆಯ ಪಂಪಿನ ಮೇಲೆ ಕೈಯಿಟ್ಟು. "ಎರಡನೇವಳು ಎದ್ದಾಗಲೇ ಜಗಳ ಶುರು. ಸವತಿಯರನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳಿದ್ರೆ ಇಬ್ರೂ ಬಂಗಾರವೇ."

"ಜಗಳಾನ ಅಳೆದಿದ್ದೀರಾ, ಉಸ್ತಾ?"

"ಕಿವಿಯಾರೆ ಕೇಳಿದ್ದೀನಿ."

"ಕೇಳಿದ್ದು ಸಾಕ್ಷಿ ಆಗಲ್ಲ."

ಉಸ್ತಾ ನನ್ನತ್ತ ತಿರುಗಿದರು. "ಮೇಡಂ, ಸಾರಿಗೆ ಉಪ್ಪು ಸರಿ ಇದ್ಯಾ ಅಂತಾನೂ ಇವರು ಅಳೆದೇ ಉಣ್ತಾರಾ?"

ಪಂಪಿನಲ್ಲಿ ದೋಷವಿಲ್ಲ, ಅಡಿಪಾಯದಲ್ಲಿ ದೋಷವಿಲ್ಲ, ಆದ್ದರಿಂದ ಜೋಡಣೆಯಲ್ಲಿ ದೋಷವಿದ್ದಿರಬೇಕು ಎಂದು ಬಹ್ಗತ್ ಬರೆದರು. ನಾನು ಸಹಿ ಹಾಕಿದೆ.

ವಿಚಾರಣೆಗೆ ಇನ್ನೂ ಒಂದು ವಾರವಿತ್ತು. ಮರೆತು ಬಂದಿದ್ದ ಒಂದು ಕೇಬಲನ್ನು ತರಲು ಮಂಗಳವಾರ ನಾವು ಮತ್ತೆ ಅಲ್ಲಿಗೆ ಹೋದೆವು. ನಾಲ್ಕೂ ಪಂಪುಗಳು ಓಡುತ್ತಿದ್ದವು. ವರದಿಯ ಸಂಗತಿ ಉಸ್ತಾಗೆ ತಿಳಿದಿತ್ತು. ಆದರೂ ಬಂದವರಿಗೆ ಟೀ ಕೊಡದೆ ಕಳಿಸುವ ಪದ್ಧತಿ ಅವರ ಮನೆತನದಲ್ಲಿರಲಿಲ್ಲ. ತವರದ ತಟ್ಟೆಯಲ್ಲಿ ಮೂರು ಗಾಜಿನ ಲೋಟ ತಂದು, ಅಲ್ಲಿನವರು ದಿನಾ ಇಡುವ ಜಾಗದಲ್ಲಿ, ಎರಡನೆಯ ಮತ್ತು ಮೂರನೆಯ ಪಂಪುಗಳ ನಡುವಿನ ಕಾಂಕ್ರೀಟಿನ ಮೇಲೆ, ಸದ್ದಿಲ್ಲದೆ ಇಟ್ಟರು.

ಸಕ್ಕರೆಗೆಂದು ಚಾಚಿದ ಬಹ್ಗತ್‌ರ ಕೈ ಅಲ್ಲೇ ನಿಂತಿತು. ಲೋಟದ ಟೀಯ ಮೇಲೆ ಬಳೆ ಬಳೆಯಾಗಿ ಅಲೆಗಳೆದ್ದವು, ನಿಧಾನವಾಗಿ ಅಡಗಿ ಟೀ ಕನ್ನಡಿಯಂತಾಯಿತು, ಮತ್ತೆ ನಡುಗಿತು. ಅವರು ಗಡಿಯಾರ ನೋಡಿದರು. ಹನ್ನೊಂದು ಸೆಕೆಂಡು. ಮತ್ತೊಮ್ಮೆ ನೋಡಿದರು. ಹನ್ನೊಂದು.

"ಎರಡನೇದನ್ನ ನಿಲ್ಸಿ."

ನಿಲ್ಲಿಸಿದರು. ಟೀ ಕದಲಲಿಲ್ಲ. ಓಡಿಸಿದರು, ಮತ್ತೆ ಅದೇ ಹನ್ನೊಂದು.

ವೇಗದಲ್ಲಿ ಕೂದಲೆಳೆಯ ವ್ಯತ್ಯಾಸವಿರುವ ಎರಡು ಯಂತ್ರಗಳ ನಡುಕ ಒಮ್ಮೆ ಕೂಡಿ ಇಮ್ಮಡಿಯಾಗುತ್ತದೆ, ಒಮ್ಮೆ ಒಂದನ್ನೊಂದು ಅಳಿಸುತ್ತದೆ. ನಾವು ಮೊದಲ ವರ್ಷದವರಿಗೆ ಕಲಿಸುವ ಪಾಠ. ಆಮೇಲೆ ಕೊರೆಸಿ ನೋಡಿದಾಗ, ಅವೆರಡರ ನಡುವಿನ ನೆಲದಡಿ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿತ್ತು. ಒಂದರ ನಡುಕವನ್ನು ಆ ಪೊಳ್ಳು ನೆಲವೇ ಇನ್ನೊಂದಕ್ಕೆ ದಾಟಿಸುತ್ತಿತ್ತು, ಕಪ್ಲಿಂಗ್ ಮುರಿದದ್ದು ಅದರಿಂದಲೇ. ಅಳತೆಯ ಮಡಿ ಕೆಡಬಾರದೆಂದು ಎರಡನೆಯದನ್ನು ನಿಲ್ಲಿಸಿದವರು ಅಪರಾಧಿಯನ್ನು ಮಲಗಿಸಿ ಗಾಯಗೊಂಡವಳನ್ನು ವಿಚಾರಿಸಿದ್ದರು.

"ಟೀ ಆರ್ತಾ ಇದೆ, ಡಾಕ್ಟ್ರೇ," ಎಂದರು ಉಸ್ತಾ.

ಹಿಂತಿರುಗುವಾಗ ನಾನು ನಮ್ಮಲ್ಲಿ ಎಲ್ಲರೂ ಕೊಡುವ ಸಲಹೆಯನ್ನೇ ಕೊಟ್ಟೆ. "ಸೆನ್ಸರ್ ಕೆಟ್ಟಿತ್ತು ಅಂತ ಬರೆದು ಹೊಸ ವರದಿ ಕೊಡಿ. ಉಸ್ತಾನೂ ಉಳೀತಾರೆ, ನಿಮ್ಮ ಹೆಸರೂ ಉಳಿಯುತ್ತೆ."

"ಸೆನ್ಸರ್ ಸರಿಯಾಗಿತ್ತು," ಎಂದರು ಬಹ್ಗತ್. "ಅದರ ಮೇಲೆ ಸುಳ್ಳು ಹೊರಿಸಲ್ಲ."

ಇದನ್ನೂ ನಾನು ಅಹಂಕಾರದ ಲೆಕ್ಕಕ್ಕೇ ಹಾಕಿದೆ. ಅವರ ಹೊಸ ವರದಿ ನನ್ನ ಎಣಿಕೆಯನ್ನು ಸಮರ್ಥಿಸುವಂತೆಯೇ ಇತ್ತು: 'ಮಾಪನಕ್ಕೆ ಆರಿಸಲಾದ ಪರಿಸ್ಥಿತಿ ಅಸಮರ್ಪಕವಾಗಿತ್ತು.' ಆರಿಸಿದವರು ಯಾರೆಂದು ಇಪ್ಪತ್ತು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ವಿಚಾರಣೆಯ ದಿನ ಆರೋಪ ಬಿದ್ದುಹೋಯಿತು. ಅಳೆಯುವುದನ್ನೇ ಬಾಳಿನ ವೃತ್ತಿಯಾಗಿ ಹಿಡಿದವರ ಕುಲವೇ ಹೀಗೆ ಎಂದುಕೊಂಡೆ: ತಪ್ಪೆಂದರೆ ಅವರಿಗೆ ಎರಡು ಅಂಕಿಗಳ ನಡುವಿನ ಅಂತರ, ಅದನ್ನು ತಿದ್ದುತ್ತಾರೆ, ತಿದ್ದಿದ ಮೇಲೆ ಮರೆಯುತ್ತಾರೆ, ಅದರಿಂದ ಮತ್ತೊಬ್ಬರ ಎದೆಗೆ ಬಿದ್ದ ಪೆಟ್ಟನ್ನು ತೋರಿಸುವ ಮುಳ್ಳು ಅವರ ಯಾವ ಮಾಪಕದಲ್ಲೂ ಇಲ್ಲ.

ಮರುದಿನ ಅವರು ಪಂಪ್‌ಹೌಸಿಗೆ ಹೊರಟರು, ಕಾರಣ ಹೇಳಲಿಲ್ಲ. ನಾನೂ ಹೋದೆ. ನಾಲ್ಕೂ ಪಂಪುಗಳು ಅಬ್ಬರಿಸುತ್ತಿದ್ದವು. ಕೆಲಸಗಾರರು ಹತ್ತು ಮಂದಿ ಇದ್ದರು. ಬಹ್ಗತ್ ನಡುನೆಲದಲ್ಲಿ ಉಸ್ತಾ ಗಾನಿಮ್ ಎದುರು ನಿಂತರು. ದೊಡ್ಡವರು ಏನೋ ಹೇಳಲು ಬಂದಿದ್ದಾರೆಂದು ಒಬ್ಬ ಸ್ವಿಚ್ಚಿನ ಮೇಲೆ ಕೈಯಿಟ್ಟ. ಬೇಡವೆಂದು ಬಹ್ಗತ್ ತಲೆಯಾಡಿಸಿದರು. ಆಮೇಲೆ ಕೊರಳ ನರ ಉಬ್ಬುವಂತೆ ಕೂಗಿದರು: "ಉಸ್ತಾ! ತಪ್ಪು ನನ್ನದು!"

ಉಸ್ತಾ ಕಿವಿಯ ಹಿಂದೆ ಅಂಗೈ ಹಿಡಿದರು. "ಏನಂದ್ರಿ, ಡಾಕ್ಟ್ರೇ? ಈ ಗಲಾಟೇಲಿ ಏನೂ ಕೇಳಿಸ್ತಿಲ್ಲ!"

ಕೆಲಸಗಾರರು ನೆಲ ನೋಡಿದರು. ನಾಲ್ಕೂ ಪಂಪುಗಳು ಓಡುವಾಗ ಯಾವ ಬೇರಿಂಗಿಗೆ ಗ್ರೀಸ್ ಸಾಲದೆಂದು ಬಾಗಿಲಲ್ಲೇ ನಿಂತು ಸದ್ದಿನಿಂದಲೇ ಹೇಳುವ ಮನುಷ್ಯ ಉಸ್ತಾ. ಅದು ಬಹ್ಗತ್‌ರಿಗೂ ಗೊತ್ತಿತ್ತು. ಒಂದು ಗಳಿಗೆ ಅವರು ಉಸ್ತಾರ ಮುಖವನ್ನೇ ನೋಡಿದರು. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು, ಇನ್ನೂ ಗಟ್ಟಿಯಾಗಿ, ಮತ್ತೊಮ್ಮೆ ಹೇಳಿದರು.